ರಾತ್ರಿ ಸೊಪ್ಪು

ರಾಮಾಂಜಿನೇಯ ಶನಿವಾರ ಒಪ್ಪೊತ್ತು ಇರುತ್ತಾನೆಂಬುದು ಮಡಕಶಿರಾದಿಂದ ಅವನ ಹಳ್ಳಿಯವರೆಗಿನ ಏಳು ಕಿಲೋಮೀಟರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ಹೇಳುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಒಂದು ಶನಿವಾರವೂ ತಪ್ಪಿರಲಿಲ್ಲ. ಬೆಳಿಗ್ಗೆ ಒಂದು ಲೋಟ ಹಾಲು, ಮಧ್ಯಾಹ್ನ ಎರಡು ಬಾಳೆಹಣ್ಣು, ಸಂಜೆ ಆಂಜನೇಯನ ಗುಡಿಯಲ್ಲಿ ದೀಪ ಹಚ್ಚಿದ ಮೇಲೆಯೇ ಊಟ. ಶನಿವಾರ ಎಲ್ಲಾದರೂ ಮದುವೆಯಿದ್ದರೆ ಅವನು ಎಲೆಯ ಮುಂದೆ ಕೂರದೆ ಸೊಂಟಕ್ಕೆ ವಲ್ಲಿ ಬಿಗಿದು ಪಂಕ್ತಿಗೆ ಬಡಿಸುತ್ತಿದ್ದ. ಹಾಗೆ ಬಡಿಸುವಾಗ ಅವನ ಮುಖದಲ್ಲಿ ಒಂದು ಬಗೆಯ ಕಳೆ ಇರುತ್ತಿತ್ತು. ತಿನ್ನುವವರಿಗೆ ಅದು ಅಷ್ಟಾಗಿ ಹಿಡಿಸುತ್ತಿರಲಿಲ್ಲ.

ಇಂಥವನ ಹೆಂಡತಿಗೆ ಬಾಯಿ ಕಟ್ಟಲು ಬರುವುದಿಲ್ಲ ಎಂಬುದೇ ಅವನ ದೊಡ್ಡ ಸಂಕಟವಾಗಿತ್ತು.

ನಾಗವೇಣಿಗೆ ನಲವತ್ತೇಳು. ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು. ಬಲಗಣ್ಣಿನಲ್ಲಿ ಪೊರೆ ಬಲಿತು, ಎದುರಿಗೆ ನಿಂತವರ ಮುಖ ಕೂಡ ಬಿಳಿ ಬಟ್ಟೆಯ ಹಿಂದೆ ಇದ್ದಂತೆ ಕಾಣುತ್ತಿತ್ತು, ಎಡಗಣ್ಣೂ ಮಂಜಾಗತೊಡಗಿತ್ತು. ಹಿಂದೂಪುರದ ಕಣ್ಣಾಸ್ಪತ್ರೆಯವರು ಆಪರೇಷನ್ನಿಗೆ ಎರಡು ಸಲ ದಿನ ಕೊಟ್ಟು, ಎರಡು ಸಲವೂ ವಾಪಸು ಕಳಿಸಿದ್ದರು. ಖಾಲಿ ಹೊಟ್ಟೆಯ ಸಕ್ಕರೆ ನೂರೈವತ್ತರ ಒಳಗಿರಬೇಕಿತ್ತು. ಮೊದಲ ಸಲ ಇನ್ನೂರ ಹನ್ನೆರಡು ಬಂತು, ಎರಡನೇ ಸಲ ಇನ್ನೂರ ಮೂವತ್ತೆಂಟು. ಡಾಕ್ಟರು ರಾಮಾಂಜಿನೇಯನನ್ನು ಪಕ್ಕಕ್ಕೆ ಕರೆದು, ಪೊರೆ ತೀರಾ ಹಣ್ಣಾಗಿದೆ, ಒಳಗೇ ಒಡೆದುಕೊಂಡರೆ ಕಣ್ಣೇ ಹೋಗುತ್ತದೆ, ಇನ್ನು ಮುಂದೆ ಹಾಕುತ್ತಾ ಹೋಗುವಂತಿಲ್ಲ ಎಂದು ಹೇಳಿದರು. ಮೂರನೇ ದಿನ ಕೊಟ್ಟರು, ಬರುವ ತಿಂಗಳ ಎರಡನೇ ಗುರುವಾರ.

ನಾಗವೇಣಿ ಬೆಳಗಿನ ಹೊತ್ತು ಗಟ್ಟಿಯಾಗಿಯೇ ಇರುತ್ತಿದ್ದಳು. ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ, ಅಷ್ಟೆ. ಮಧ್ಯಾಹ್ನ ಮೂರು ದಾಟಿದ ಮೇಲೆ ಏನೋ ಆಗುತ್ತಿತ್ತು. ಹುರಿಗಡಲೆಯ ಡಬ್ಬ ಅರ್ಧಕ್ಕೆ ಇಳಿಯುತ್ತಿತ್ತು, ಮೊಮ್ಮಗಳಿಗೆಂದು ತಂದಿಟ್ಟ ಬಿಸ್ಕತ್ತಿನ ಪೊಟ್ಟಣ ಮಾಯವಾಗುತ್ತಿತ್ತು, ಬೆಲ್ಲದಚ್ಚು ಒಂದು ಮೂಲೆಯಿಂದ ಸವೆಯುತ್ತಾ ಬರುತ್ತಿತ್ತು. ಕೇಳಿದರೆ ಇಲಿ ಅನ್ನುತ್ತಿದ್ದಳು.

"ಅದ್ಯಾವ ಇಲೀನೇ, ಡಬ್ಬದ ಮುಚ್ಚಳ ತಿರುಗ್ಸಿ ತೆಗ್ದು, ತಿಂದು, ಮತ್ತೆ ತಿರುಗ್ಸಿ ಮುಚ್ಚಿ ಹೋಗೋದು?" ಎಂದು ಅವನು ಕೂಗಾಡಿದರೆ ಅವಳು ಒಲೆಯ ಕಡೆ ತಿರುಗುತ್ತಿದ್ದಳು. ಒಂದು ಸಲ ಮಾತ್ರ ಬಾಯಿಬಿಟ್ಟಳು. "ನಿದ್ದೆಗೆಟ್ಟಾಗ ಹಂಗಾಗ್ತೈತೆ. ಬ್ಯಾಡ ಅಂತ ತಲೆ ಹೇಳ್ತಾನೇ ಇರ್ತೈತೆ, ಕೈ ಕೇಳಕಿಲ್ಲ."

"ನಿದ್ದೆಗೂ ಬೆಲ್ಲಕ್ಕೂ ಏನ್ ಸಂಬಂಧ? ನಾಲಿಗೆ ಚಪಲಕ್ಕೆ ಒಂದ್ ನೆಪ ಬೇಕು ನಿಂಗೆ," ಎಂದ ರಾಮಾಂಜಿನೇಯ.

ಎರಡನೇ ಸಲ ಆಸ್ಪತ್ರೆಯಿಂದ ವಾಪಸಾದ ದಿನವೇ ಅವನು ಬೆಲ್ಲ, ಸಕ್ಕರೆ, ಕಡಲೆಕಾಯಿ ಉಂಡೆ ಎಲ್ಲವನ್ನೂ ತಗಡಿನ ಪೆಟ್ಟಿಗೆಗೆ ತುಂಬಿ ಬೀಗ ಜಡಿದ. ಬೀಗದ ಕೈಯನ್ನು ಉಡುದಾರಕ್ಕೆ ಕಟ್ಟಿಕೊಂಡ. ಇದಕ್ಕಿಂತ ದೊಡ್ಡ ಅವಮಾನವನ್ನು ಅವನು ಅದಕ್ಕೆ ಮೊದಲೇ ಮಾಡಿ ಮುಗಿಸಿದ್ದ. ಮಗಳು ಶ್ರಾವಣಿಯನ್ನು ಕೊಟ್ಟಿದ್ದು ರಾಯದುರ್ಗಕ್ಕೆ. ಅಲ್ಲಿ ಮೊಮ್ಮಗಳಿಗೆ ಹೆಸರಿಟ್ಟ ದಿನ, ಬೀಗರ ಕಡೆಯ ನಲವತ್ತು ಜನ ಉಣ್ಣುತ್ತಿದ್ದ ಪಂಕ್ತಿಯಲ್ಲಿ ನಾಗವೇಣಿ ಎರಡನೇ ಹೋಳಿಗೆಗೆ ಕೈ ಚಾಚಿದಾಗ, "ಇವ್ಳ ಬಾಯಿಗೆ ಹಿಡಿತಾನೇ ಇಲ್ಲ ನೋಡಿ" ಎಂದು ಎಲ್ಲರಿಗೂ ಕೇಳುವಂತೆ ಅಂದುಬಿಟ್ಟಿದ್ದ. ನಗುವವರು ನಕ್ಕರು. ಅವಳು ಹೋಳಿಗೆಯನ್ನು ಎಲೆಯ ಪಕ್ಕಕ್ಕಿಟ್ಟು ಎದ್ದು ಹೋದಳು. ಅದರ ಹಿಂದಿನ ಎಂಟು ರಾತ್ರಿ ಅವಳು ಹುಳದ ಮನೆಯಲ್ಲಿ ಕಳೆದಿದ್ದಳೆಂಬುದು ಆ ಪಂಕ್ತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬನಿಗೆ ಅದು ಹೊಳೆಯಲಿಲ್ಲ.

ಹುಳದ ಮನೆಯ ವಿಷಯ ಹೇಳಬೇಕು. ಇವರದು ರೇಷ್ಮೆ ಬೆಳೆಯುವ ಮನೆ, ಎರಡು ಎಕರೆ ಹಿಪ್ಪುನೇರಳೆ. ರೇಷ್ಮೆ ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಲೆಯೆತ್ತಿ ಮಲಗಿಬಿಡುತ್ತದೆ, ಸೊಪ್ಪು ಮುಟ್ಟುವುದಿಲ್ಲ. ನಾಲ್ಕನೇ ಜ್ವರದಿಂದ ಎದ್ದಿತೋ, ಗೂಡು ಕಟ್ಟುವವರೆಗೂ ಏಳು ಎಂಟು ದಿನ ಹಗಲು ರಾತ್ರಿ ಮೇಯುತ್ತಲೇ ಇರುತ್ತದೆ. ಈ ಸೀಮೆಯ ಒಣಗಾಳಿಗೆ ಹಾಕಿದ ಸೊಪ್ಪು ನಾಲ್ಕೇ ಗಂಟೆಯಲ್ಲಿ ಬಾಡುವುದರಿಂದ ರಾತ್ರಿ ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಎದ್ದು ಹಾಕಬೇಕು. ರಾತ್ರಿ ಸೊಪ್ಪಿಗೆ ಮನೆಯೊಡತಿಯ ಕೈಯೇ ಆಗಬೇಕು, ಗಂಡಸಿನ ಕೈಯ ಬೀಡಿ ವಾಸನೆಗೆ ಹುಳ ಮೇಯುವುದಿಲ್ಲ ಎಂದು ರಾಮಾಂಜಿನೇಯನ ತಾಯಿ ಮಾಡಿಟ್ಟು ಹೋದ ಕಟ್ಟಳೆ. ರಾಮಾಂಜಿನೇಯ ಬೀಡಿ ಸೇದುವವನಲ್ಲ. ಆದರೂ ಕಟ್ಟಳೆ ಕಟ್ಟಳೆಯೇ ಎಂದು ಅವನು ಒಂಬತ್ತಕ್ಕೆ ಮಲಗಿ ಐದಕ್ಕೆ ಏಳುತ್ತಿದ್ದ. ವರ್ಷಕ್ಕೆ ಏಳೆಂಟು ಬೆಳೆ. ನಾಗವೇಣಿ ಹತ್ತೊಂಬತ್ತು ವರ್ಷದಿಂದ ರಾತ್ರಿ ಸೊಪ್ಪು ಹಾಕುತ್ತಿದ್ದಳು.

ಆಸ್ಪತ್ರೆಯ ಗುರುವಾರಕ್ಕೆ ಒಂಬತ್ತು ದಿನ ಇರುವಾಗ, ಮಂಗಳವಾರ, ಶ್ರಾವಣಿಗೆ ಹೊಟ್ಟೆನೋವು ಬಂದು ಬಳ್ಳಾರಿಯಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು ಎಂದು ಅಳಿಯ ಮಾರೇಶ ಫೋನು ಮಾಡಿದ. ಗಾಬರಿಯೇನಿಲ್ಲ, ನಾಳೆಯೇ ಮನೆಗೆ ಕಳಿಸುತ್ತಾರೆ, ಆದರೆ ಅಮ್ಮನನ್ನು ನೋಡಬೇಕು ಅನ್ನುತ್ತಿದ್ದಾಳೆ ಎಂದ. ಬುಧವಾರ ಬೆಳಿಗ್ಗೆ ಹುಳಗಳು ನಾಲ್ಕನೇ ಜ್ವರದಿಂದ ಎದ್ದವು. ನಾಗವೇಣಿ ರಾಯದುರ್ಗದ ದಾರಿಯ ಪಾವಗಡದ ಬಸ್ಸಿಗೆ ಎದ್ದು ಹೊರಟಳು.

"ಮೂರು ಗಂಟೇದು ಮಾತ್ರ ತಪ್ಪುಸ್ಬ್ಯಾಡ. ಇರುವೆ, ಹಲ್ಲಿ ನೋಡ್ಕ," ಎಂದಳು.

"ಗೊತ್ತೈತೆ ಹೋಗು. ಐದಾರು ದಿನ ತಾನೆ? ಅಲ್ಲಿ ಬೀಗರ ಮನೇಲಿ ಬಾಯಿ ಬಿಗಿಹಿಡ್ಕೊಂಡಿರು, ಅಷ್ಟ್ ಮಾಡಿದ್ರೆ ಸಾಕು."

ಮೊದಲ ರಾತ್ರಿ ಅವನಿಗೆ ಒಂದು ಥರ ಉತ್ಸಾಹವೇ ಇತ್ತು. ಗಂಡಸಿನ ಕೈಯ ಸೊಪ್ಪನ್ನು ಹುಳಗಳು ಯಾವ ತಕರಾರೂ ಇಲ್ಲದೆ ಮೇಯ್ದವು. ಮಾರನೇ ದಿನ ಹಗಲು ಮಲಗಿದರಾಯಿತು ಅಂದುಕೊಂಡ, ಆಗಲಿಲ್ಲ. ಮೋಟರಿಗೆ ಕರೆಂಟು ಬರುವುದೇ ಹಗಲು ಹೊತ್ತು, ತೋಟಕ್ಕೆ ನೀರು ಕಟ್ಟಬೇಕು, ಸಂಜೆಯ ಸೊಪ್ಪಿಗೆ ಕಡ್ಡಿ ಕೊಯ್ಯಬೇಕು, ಹುಳದ ಹಾಸಿಗೆಯ ಕಸ ತೆಗೆಯಬೇಕು. ಇಪ್ಪತ್ತು ನಿಮಿಷ ಗೋಡೆಗೊರಗಿದ. ಎರಡನೇ ರಾತ್ರಿ ಕಳೆದು ಶುಕ್ರವಾರವಾಗುವ ಹೊತ್ತಿಗೆ ಕಣ್ಣಲ್ಲಿ ಮರಳು ಬಿದ್ದಂತೆ ಉರಿ. ಮಧ್ಯಾಹ್ನ ಎರಡು ಮುದ್ದೆ ಉಂಡು ತೇಗಿದವನಿಗೆ ಮೂರು ಗಂಟೆಗೆ ಮತ್ತೆ ಹಸಿವಾಯಿತು. ಹಸಿವು ಅನ್ನುವುದೂ ತಪ್ಪು. ಹೊಟ್ಟೆ ತುಂಬಿಯೇ ಇತ್ತು. ಬಾಯಿ ಮಾತ್ರ ಕೇಳುತ್ತಿತ್ತು. ಹೋಗಿ ಪೆಟ್ಟಿಗೆಯ ಬೀಗ ತೆಗೆದು, ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡ. ಆಮೇಲೆ ಇನ್ನೊಂದು. ಆಮೇಲೆ ಕಡಲೆಕಾಯಿ ಉಂಡೆ ನಾಲ್ಕು. ದುಡಿಯುವ ಮೈ, ಬೇಕಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಬೀಗ ಹಾಕಿದ. ಬೇರೆ ಯಾರೂ ಕೇಳಿರಲಿಲ್ಲ.

ಶನಿವಾರ ಬೆಳಗಿನ ಸೊಪ್ಪು ಹಾಕುವಾಗ ಹುಳ ಮೇಯುವ ಅಟ್ಟಣಿಗೆಗಳಲ್ಲಿ ಮೇಲಿನದಕ್ಕೆ ಎರಡು ಸಲ ಹಾಕಿ ಕೆಳಗಿನದನ್ನು ಬಿಟ್ಟ. ಹತ್ತು ಗಂಟೆಗೆ ಅದು ಗಮನಕ್ಕೆ ಬಂದು ತಲೆ ಚಚ್ಚಿಕೊಂಡ. ಹಾಲು ಕುಡಿದಿದ್ದ, ಹಣ್ಣು ತಿಂದಿದ್ದ. ಹಾಸಿಗೆಗೆ ಉದುರಿಸುವ ಸುಣ್ಣದ ಪುಡಿ ಮುಗಿದಿತ್ತು. ನಾಲ್ಕು ಗಂಟೆಗೆ ಮಡಕಶಿರಾಕ್ಕೆ ಬೈಕು ಹತ್ತಿದ.

ಬಸ್ ಸ್ಟ್ಯಾಂಡಿನ ಪಕ್ಕ ಸಣ್ಣಬಸಪ್ಪನ ಬಜ್ಜಿ ಬಂಡಿ. ಮೂವತ್ತು ವರ್ಷದಿಂದ ಅದು ಅಲ್ಲೇ ಇದೆ, ಇಪ್ಪತ್ತೆರಡು ವರ್ಷದ ಶನಿವಾರಗಳಲ್ಲಿ ರಾಮಾಂಜಿನೇಯ ನಿಲ್ಲದೆ ಅದರ ಮುಂದೆ ಓಡಾಡಿದ್ದಾನೆ. ಇವತ್ತು ಬೈಕು ನಿಂತಿತು. ಶನಿವಾರವೆಂಬುದು ಮರೆತಿತ್ತು ಎಂದು ಅವನು ಹೇಳಿದರೆ ಅದು ಸುಳ್ಳು. ಚೆನ್ನಾಗಿ ನೆನಪಿತ್ತು. ಇಪ್ಪತ್ತೆರಡು ವರ್ಷ, ಗುಡಿ, ದೀಪ, ಪಂಕ್ತಿಯಲ್ಲಿ ಬಡಿಸಿದ್ದು ಎಲ್ಲ ನೆನಪಿತ್ತು. ಬೇಡ, ಬೇಡ ಎಂದು ತಲೆ ಹೇಳುತ್ತಲೇ ಇತ್ತು. ಕಾಲು ಬಂಡಿಯ ಹತ್ತಿರ ನಡೆಯಿತು.

"ಏನ್ ಯಜಮಾನ್ರೇ, ಇವತ್ತು ಶನಿವಾರ ಅಲ್ವಾ?" ಎಂದ ಸಣ್ಣಬಸಪ್ಪ, ಜಾಲರಿಯನ್ನು ಎಣ್ಣೆಯಲ್ಲೇ ನಿಲ್ಲಿಸಿ.

"ನಂಗಲ್ಲಪ್ಪ. ಮನೇಗೆ. ಆರು ಮೆಣಸಿನಕಾಯಿ ಬಜ್ಜಿ ಕಟ್ಟು."

ಪೊಟ್ಟಣ ಹಿಡಿದು ಬಸ್ ಸ್ಟ್ಯಾಂಡಿನ ಹಿಂಗೋಡೆಯ ಕಡೆಗೆ ಹೋದ. ಅಲ್ಲಿ ಮೂತ್ರದ ವಾಸನೆ. ಯಾರೂ ನಿಲ್ಲದ ಜಾಗ. ಗೋಡೆಗೆ ಮುಖ ಮಾಡಿ ನಿಂತು, ಬಾಯಿ ಸುಡುತ್ತಿದ್ದರೂ ಊದಿಕೊಳ್ಳದೆ, ಒಂದರ ಹಿಂದೆ ಒಂದು ಆರೂ ತಿಂದ. ಕಾಗದವನ್ನು ಉಂಡೆ ಮಾಡಿ ಬಿಸಾಡಿ, ಬಾಯಿ ಒರೆಸಿಕೊಂಡು ಬಂಡಿಗೆ ವಾಪಸು ಬಂದ.

"ಇನ್ನಾರು ಕಟ್ಟು. ನೆಂಟ್ರು ಬಂದವ್ರೆ ಮನೇಲಿ, ಸಾಲಕಿಲ್ಲ."

ಸಣ್ಣಬಸಪ್ಪ ಅವನ ಮೀಸೆಯ ಕಡೆ ಒಂದು ಸಲ ನೋಡಿದ. ಕಟ್ಟಿಕೊಟ್ಟ.

ಹನ್ನೆರಡು ಬಜ್ಜಿ ತಿಂದ ಮೇಲೂ ಅವುಗಳ ರುಚಿ ಹೇಗಿತ್ತು ಎಂದು ಕೇಳಿದ್ದರೆ ರಾಮಾಂಜಿನೇಯನಿಗೆ ಹೇಳಲು ಬರುತ್ತಿರಲಿಲ್ಲ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಸುಣ್ಣದ ಪುಡಿ ತೆಗೆದುಕೊಳ್ಳುವುದನ್ನೇ ಮರೆತು ಊರಿಗೆ ಬಂದು, ಮತ್ತೆ ಹೋಗಿ ತಂದ. ಸಂಜೆ ಗುಡಿಗೆ ಹೋಗದೆ ಇದ್ದರೆ ಜನ ಕೇಳುತ್ತಾರೆಂದು ಹೋದ. ದೀಪ ಹಚ್ಚುವಾಗ ಪೂಜಾರಿ ಪಕ್ಕದಲ್ಲಿದ್ದ ಯಾರೋ ಹೊಸಬರಿಗೆ, "ಇವ್ರನ್ನ ನೋಡಿ, ಇಪ್ಪತ್ತೆರಡು ವರ್ಷದಿಂದ ಒಂದ್ ಶನಿವಾರ ಬಿಟ್ಟಿಲ್ಲ" ಎಂದು ಪರಿಚಯ ಮಾಡಿಸಿದರು. ರಾಮಾಂಜಿನೇಯ ಬೇರೆ ದಿನವಾದರೆ ಮುಂದಿನ ಮಾತನ್ನು ತಾನೇ ಎತ್ತಿಕೊಳ್ಳುತ್ತಿದ್ದ. ಇವತ್ತು ಬತ್ತಿ ಸರಿ ಮಾಡುತ್ತಾ ನಿಂತ.

ಭಾನುವಾರ ಬೆಳಿಗ್ಗೆ ರಾಯದುರ್ಗದಿಂದ ಬೀಗತಿ ಚಿನ್ನಕ್ಕ ಫೋನು ಮಾಡಿದಳು. ಶ್ರಾವಣಿ ಎದ್ದು ಓಡಾಡುತ್ತಿದ್ದಾಳೆ ಎಂದು ಹೇಳಿ ಮುಗಿಸಿ, ದನಿ ತಗ್ಗಿಸಿದಳು.

"ಬೀಗ್ರ, ಒಂದ್ ಮಾತು ಕೇಳ್ತೀನ್ರಿ, ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಮನಿಯಾಕಿ ಬಂದ ದಿನದಿಂದ ಬರೇ ಮಲಗ್ತಾರ್ರಿ. ರಾತ್ರಿ ಮಲಗ್ತಾರ, ಮಧ್ಯಾಹ್ನ ಮತ್ತ ಮಲಗ್ತಾರ. ಮೊದಲ್ನೇ ದಿನ ನಂಗ ಹೆದ್ರಿಕಿ ಆಗಿ ಮೂಗಿನ ಹತ್ರ ಕೈ ಇಟ್ಟು ನೋಡೀನ್ರಿ."

"ತಿನ್ನೋದ್ ಹೆಂಗೈತೆ?" ಎಂದ ರಾಮಾಂಜಿನೇಯ. ಅದು ಅವನ ಅಭ್ಯಾಸದ ಪ್ರಶ್ನೆ.

"ಅದನ್ನ ಹೇಳಾಕ ಹತ್ತೀನ್ರಿ. ಹೋಳಿಗಿ ಮಾಡಿದ್ವಿ, ಅರ್ಧ ಮುರ್ಕೊಂಡು ಸಾಕಂದ್ರು. ಒಗ್ಗರಣಿ ಮಂಡಕ್ಕಿ ಮುಂದಿಟ್ರ ಒಂದ್ ಹಿಡಿ ತಿಂದು ತಾಟು ಸರಿಸಿದ್ರು. ನಮ್ಮನ್ಯಾಗ ಸಕ್ಕರಿ ನೋಡೋ ಮಿಷಿನ್ ಐತ್ರಿ, ಇವತ್ತು ಬೆಳಿಗ್ಗೆ ನೋಡಿದ್ವಿ, ನೂರಾ ನಲವತ್ತಾರು. ಅವತ್ತು ಹೆಸರಿಡೋ ದಿನ ಬಾಯಿಗೆ ಹಿಡಿತ ಇಲ್ಲ ಅಂದ್ರೆಲ್ರಿ, ಯಾಕ ಹಂಗ ಅಂದ್ರಿ?"

ರಾಮಾಂಜಿನೇಯ ಲೈನು ಸರಿ ಇಲ್ಲ ಅಂದು ಫೋನಿಟ್ಟ. ಲೈನು ಸರಿಯಾಗಿಯೇ ಇತ್ತು.

ಸೋಮವಾರ ಮಧ್ಯಾಹ್ನ ನಾಗವೇಣಿ ಬಂದಿಳಿದಳು. ಕಣ್ಣ ಕೆಳಗಿನ ಕಪ್ಪು ಅರ್ಧ ಮಾಸಿತ್ತು, ಮುಖ ತಿಳಿಯಾಗಿತ್ತು. ಚೀಲ ಇಟ್ಟವಳೇ ಕೈಕಾಲು ತೊಳೆದು ಹುಳದ ಮನೆಗೆ ಹೋದಳು. ಅವಳು ಈಗ ಹುಳಗಳನ್ನು ನೋಡುವುದಕ್ಕಿಂತ ಮುಟ್ಟುವುದೇ ಹೆಚ್ಚು. ಅಟ್ಟಣಿಗೆಗಳ ಮೇಲೆ ಬೆರಳಾಡಿಸುತ್ತಾ ಬಂದು ಕೆಳಗಿನದರ ಹತ್ತಿರ ನಿಂತಳು.

"ಇಲ್ಲಿ ಹುಳ ಸಣ್ಣಗವೆ. ಒಂದ್ ಹೊತ್ತಿನ ಸೊಪ್ಪು ಬಿದ್ದಿಲ್ಲ."

"ಶನಿವಾರ ಬೆಳಿಗ್ಗೆ," ಎಂದ ರಾಮಾಂಜಿನೇಯ. "ಮೇಲಿಂದಕ್ಕೇ ಎರಡ್ಸಲ ಹಾಕ್ಬಿಟ್ಟೆ."

ಅವಳು ಬಯ್ಯಲಿಲ್ಲ. ಅವನ ಮುಖವನ್ನು ಹತ್ತಿರದಿಂದ ನೋಡಿ, "ನೀನ್ ಹೋಗಿ ಮಲಕ್ಕ. ಇನ್ನ ಎರಡು ರಾತ್ರಿ ತಾನೆ, ನಾನ್ ನೋಡ್ಕಂತೀನಿ. ಬುಧವಾರ ಹಣ್ಣಾಗಿ ಗೂಡಿಗೆ ಏರ್ತವೆ" ಎಂದಳು.

ರಾಮಾಂಜಿನೇಯ ಹೋಗಿ ಮಲಗಿಯೂ ಬಿಟ್ಟ. ಚಾಪೆ ಹಾಸಿರಲಿಲ್ಲ, ಬರಿ ನೆಲದ ಮೇಲೆ. ಮೈಯೆಲ್ಲ ಸಡಿಲವಾಗಿ ಕಣ್ಣು ಎಳೆದುಕೊಂಡು ಹೋಗುತ್ತಿತ್ತು. ಅಂಥ ಸುಖವನ್ನು ಅವನು ಇತ್ತೀಚಿನ ವರ್ಷಗಳಲ್ಲಿ ಕಂಡಿರಲಿಲ್ಲ. ಕಣ್ಣು ಪೂರ್ತಿ ಮುಚ್ಚುವ ಮೊದಲು ಆಸ್ಪತ್ರೆಯ ಗುರುವಾರ ನೆನಪಾಯಿತು. ಸೋಮವಾರ, ಮಂಗಳವಾರ, ಗೂಡಿಗೆ ಬಿಟ್ಟ ಹುಳ ಕಾಯುವ ಬುಧವಾರ. ಮೂರು ರಾತ್ರಿ. ಮೂರು ರಾತ್ರಿಗೆ ಏನಾಗುತ್ತದೆ ಎಂದು ಈ ಊರಿನಲ್ಲಿ ಈಗ ಅವನಷ್ಟು ಸರಿಯಾಗಿ ತಿಳಿದವರು ಇನ್ನೊಬ್ಬರೇ ಇದ್ದರು. ಎದ್ದು ಕೂತ. ಏಳುವುದಕ್ಕೆ ಅವನಿಗೆ ನಿಜವಾಗಿಯೂ ಅಳು ಬಂತು.

"ಬ್ಯಾಡ," ಎಂದ, ಹುಳದ ಮನೆಯ ಬಾಗಿಲಿಗೆ ಬಂದು. "ರಾತ್ರಿ ಸೊಪ್ಪು ನಾನೇ ಹಾಕ್ತೀನಿ. ನೀನ್ ಮಲಕ್ಕ."

"ಯಾಕೆ?"

"ಗುರುವಾರ ಆಸ್ಪತ್ರೆ ಐತಲ್ಲ."

"ಬಾಯಿ ಕಟ್ಟಿದ್ರೆ ಸಾಕು ಅಂತಿದ್ದೆ. ನಿದ್ದೆಗೂ ಬೆಲ್ಲಕ್ಕೂ ಸಂಬಂಧ ಇಲ್ಲ ಅಂದಿದ್ದೂ ನೀನೇ."

ಅವಳು ಕುಟುಕಲೆಂದು ಅಂದದ್ದಲ್ಲ, ಕೇಳಿದ್ದನ್ನು ಕೇಳಿದಂತೆ ಒಪ್ಪಿಸಿದ್ದಷ್ಟೆ. ಇದಕ್ಕೆ ಉತ್ತರ ಹೇಳಬೇಕೆಂದರೆ ಒಂದೇ ಮಾತಿತ್ತು. ಅದನ್ನು ಹೇಳಿದರೆ ಇಪ್ಪತ್ತೆರಡು ವರ್ಷ ಹೋಗುತ್ತಿತ್ತು. ಹೇಳದಿದ್ದರೆ ಇವಳು ಇವತ್ತು ಹನ್ನೊಂದಕ್ಕೆ ಎದ್ದು ಬುಟ್ಟಿ ಎತ್ತಿಕೊಳ್ಳುತ್ತಿದ್ದಳು. ರಾಮಾಂಜಿನೇಯ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ನಾನು ಬಜ್ಜಿ ತಿಂದೆ," ಎಂದ. "ಮೊನ್ನೆ. ಶನಿವಾರ."

"ಮರೆತು?"

"ಗೊತ್ತಿದ್ದೇ. ಹನ್ನೆರಡು. ಗೋಡೆ ಹಿಂದೆ ನಿಂತ್ಕಂಡು ತಿಂದೆ, ಮನೇಲಿ ನೆಂಟ್ರವ್ರೆ ಅಂತ ಸುಳ್ಳು ಹೇಳ್ದೆ. ಅದುಕ್ಕೆ ಮುಂಚೆ ಪೆಟ್ಟಿಗೆ ತೆಗ್ದು ಬೆಲ್ಲಾನೂ ತಿಂದೆ."

ಅವಳು ನಗುತ್ತಾಳೆ ಅಂದುಕೊಂಡಿದ್ದ. ನಕ್ಕಿದ್ದರೆ ಅವನಿಗೂ ಅನುಕೂಲವಾಗುತ್ತಿತ್ತು. ನಾಗವೇಣಿ ಕೈಯಲ್ಲಿದ್ದ ಕಡ್ಡಿಯನ್ನು ಅಟ್ಟಣಿಗೆಯ ಮೇಲೆ ಇಟ್ಟಳು.

"ಎಷ್ಟು ರಾತ್ರಿ ಆಗಿತ್ತು ಅವಾಗ?"

"ಮೂರು."

"ಮೂರು ರಾತ್ರಿ," ಎಂದಳು ಅವಳು. "ಮೂರೇ ರಾತ್ರಿಗೆ ನೀನು ದೇವ್ರನ್ನೇ ಬಿಟ್ಟೆ. ನಾನು ಹತ್ತೊಂಬತ್ತು ವರ್ಷದಿಂದ ಏಳ್ತಾ ಇದೀನಿ. ನೀನು ನಂಗೆ ಬೀಗ ಹಾಕ್ದೆ. ನಲವತ್ ಜನದ ಮುಂದೆ ಹೊಟ್ಟೆಬಾಕಿ ಮಾಡ್ದೆ. ನಾನೂ ಹಂಗೇ ಅಂದ್ಕಂಡಿದ್ದೆ, ಗೊತ್ತಾ? ನಂದೇ ಕೆಟ್ಟ ಜಲ್ಮ, ನಂಗೇ ಮಾನ ಇಲ್ಲ ಅಂತ."

ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಬಂತು. ಸಿಟ್ಟೂ ಇತ್ತು, ಅದಕ್ಕಿಂತ ಹೆಚ್ಚು ದುಃಖವಿತ್ತು. ತಪ್ಪಾಯಿತು ಎಂದರೆ ಸಾಲದು ಅನ್ನಿಸಿತು ರಾಮಾಂಜಿನೇಯನಿಗೆ. ಬುಟ್ಟಿ ಎತ್ತಿಕೊಂಡು ಸೊಪ್ಪು ಕೊಯ್ಯಲು ತೋಟಕ್ಕೆ ಹೋದ. ತಿರುಗಿ ಬರುವಾಗ ಅವಳು ಒಳಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆ ರಾತ್ರಿಯೂ ಮರುರಾತ್ರಿಯೂ ಅವಳು ಏಳಲಿಲ್ಲ, ಮಾತೂ ಆಡಲಿಲ್ಲ.

ಬುಧವಾರ ಹುಳ ಹಣ್ಣಾದವು. ನಾಲ್ಕು ಜನ ಆಳುಗಳ ಜೊತೆ ರಾಮಾಂಜಿನೇಯ ಹುಳಗಳನ್ನು ಆರಿಸಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗಳ ಮೇಲೆ ಬಿಟ್ಟ. ಅವಕ್ಕೆ ಇರುವೆ ಹತ್ತದಂತೆ ರಾತ್ರಿಯೆಲ್ಲ ಕಾದು, ಬೆಳಗಿನ ಮೊದಲ ಬಸ್ಸಿಗೆ ನಾಗವೇಣಿಯನ್ನು ಕರೆದುಕೊಂಡು ಹಿಂದೂಪುರಕ್ಕೆ ಹೊರಟ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಿದ್ದಳು. ಅವನು ನಿದ್ದೆ ಹೋದರೆ ಸ್ಟಾಪು ತಪ್ಪೀತೆಂದು ನಿಂತೇ ಬಂದ.

ಆಸ್ಪತ್ರೆಯಲ್ಲಿ ರಕ್ತ ತೆಗೆದ ನರ್ಸಿನ ಹೆಸರು ಕೃಷ್ಣವೇಣಿ. ಎರಡು ಸಲವೂ ಇವರನ್ನು ವಾಪಸು ಕಳಿಸಿದವಳು ಅವಳೇ. ಅರ್ಧ ಗಂಟೆಯ ಮೇಲೆ ಚೀಟಿ ಹಿಡಿದು ಬಂದಳು. ರಾಮಾಂಜಿನೇಯ ಎದ್ದು ನಿಂತ.

"ನೂರ ಮೂವತ್ತೊಂಬತ್ತು. ಪರವಾಗಿಲ್ವೇ ಅಮ್ಮ, ಈ ಸಲ ಗಟ್ಟಿಯಾಗಿ ಪಥ್ಯ ಮಾಡಿದ್ದೀರಿ."

"ಪಥ್ಯ ಏನಿಲ್ಲಮ್ಮ, ನಿದ್ದೆ ಮಾಡ್ದೆ," ಎಂದಳು ನಾಗವೇಣಿ, ಮತ್ತು ಅವಳ ಹಿಂದೆ ಒಳಗೆ ಹೋದಳು.

ಹನ್ನೆರಡೂವರೆಗೆ ಆಪರೇಷನ್ ಮುಗಿದು, ಬಲಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅವಳು ಹೊರಗೆ ಬಂದಾಗ ರಾಮಾಂಜಿನೇಯ ಬೆಂಚಿನ ಮೇಲೆ ಬಿದ್ದುಕೊಂಡಿದ್ದ. ಬಾಯಿ ತೆರೆದಿತ್ತು, ತಲೆ ಯಾರದೋ ಚೀಲದ ಮೇಲಿತ್ತು, ಚೀಲದ ಒಡೆಯ ಏನು ಮಾಡುವುದೆಂದು ತಿಳಿಯದೆ ಪಕ್ಕದಲ್ಲಿ ನಿಂತಿದ್ದ. ಗೊರಕೆ ಔಷಧಿ ಕೌಂಟರಿನವರೆಗೂ ಕೇಳುತ್ತಿತ್ತು.

"ಇವ್ರ ಜೊತೆ ಬಂದವರು ಯಾರು? ಡ್ರಾಪ್ಸ್ ಹಾಕೋದು ಹೇಳ್ಕೊಡ್ಬೇಕು," ಎಂದು ಕೃಷ್ಣವೇಣಿ ಸುತ್ತ ನೋಡಿ, ಬೆಂಚಿನ ಹತ್ತಿರ ಹೋಗಿ ಅವನ ಭುಜ ಅಲುಗಿಸಲು ಕೈ ಚಾಚಿದಳು.

ನಾಗವೇಣಿ ಅವಳ ಮುಂಗೈ ಹಿಡಿದುಕೊಂಡಳು.

"ಎಬ್ಬಿಸ್ಬ್ಯಾಡ ತಾಯಿ. ಎಂಟು ರಾತ್ರಿ ಆಗೈತೆ. ನಂಗೇ ಹೇಳು, ನೆನಪಿಟ್ಕಂತೀನಿ."